ಕತೆಯಲ್ಲಿ ರಾಜಕೀಯ: ಪಾತ್ರದ ಮಾತಿನಲ್ಲೋ, ಘಟನೆಯಲ್ಲೋ?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರ ಬಗ್ಗೆ ಕತೆ ಬರೆಯುತ್ತಿದ್ದೀರಿ. ನಿಮ್ಮ ನಿಲುವನ್ನು ಪಾತ್ರದ ಬಾಯಲ್ಲಿ ಹೇಳಿಸುವುದಾ, ಘಟನೆಯಲ್ಲಿ ತೋರಿಸುವುದಾ ಎಂದು ಕೇಳಿದ್ದೀರಿ.

ಸ್ಪಷ್ಟವಾಗಿ ತಲುಪಬೇಕಾದರೆ ಮಾತೇ ಸರಿ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಿಸಬೇಕೆಂದು, ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಇದು ಗೊತ್ತಿಲ್ಲದ ಓದುಗರಿಗೆ ಯಾರಾದರೂ ಹೇಳಲೇಬೇಕು. ಆದರೆ ಮಾತು ಉದ್ದವಾದರೆ ಪಾತ್ರ ಹೋಗಿ ಭಾಷಣ ಉಳಿಯುತ್ತದೆ. ಎದುರು ವಾದಿಸುವವನಿಗೂ ಅಷ್ಟೇ ಬುದ್ಧಿ ಕೊಡಿ. ಮಲಯಾಳಿ ನೆರೆಯವನನ್ನು ಸುಮ್ನೆ ಕೆಟ್ಟವನನ್ನಾಗಿ ಮಾಡಿದರೆ ನಿಮ್ಮ ವಾದವೇ ಸೋಲುತ್ತದೆ.

ಘಟನೆ ಜಾಸ್ತಿ ದಿನ ನೆನಪಿರುತ್ತದೆ. ಕಚೇರಿಯಲ್ಲಿ ಮಲಯಾಳದ ಅರ್ಜಿ ಓದಲಾಗದೆ ನಿಂತ ಒಬ್ಬ ಅಜ್ಜಿ ಸಾಕು, ಅಲ್ವಾ? ಬರೆಯುವುದು ಮಾತ್ರ ಕಷ್ಟ.

ಗಡಿನಾಡಿನ ಓದುಗರಿಗಾದರೆ ಘಟನೆಯನ್ನೇ ನಂಬಿ. ಬೆಂಗಳೂರಿನವರಿಗಾದರೆ ಒಂದೆರಡು ಮಾತು ಸೇರಿಸಿ.