ಪ್ರಯೋಗಾಲಯದ ಗಾಜಿನ ದುರಸ್ತಿ: ಹುಬ್ಬಳ್ಳಿಯ ಹಿರಿಯ ಕುಶಲಕರ್ಮಿಯ ಸೇವೆ

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬಿರುಕು ಬಿಟ್ಟಿದ್ದ ಕಂಡೆನ್ಸರನ್ನು (ಕೊಳವೆಯೊಳಗೆ ಕೊಳವೆಯಿರುವ, ಆವಿಯನ್ನು ತಣಿಸಿ ದ್ರವವಾಗಿಸುವ ಗಾಜಿನ ಉಪಕರಣ) ಹುಬ್ಬಳ್ಳಿಯ ಹಿರಿಯ ಕುಶಲಕರ್ಮಿಯೊಬ್ಬರಿಗೆ ಕೊಟ್ಟೆವು. ಫಿರೋಜಾಬಾದಿನ ಗಾಜಿನ ಕಾರ್ಖಾನೆಯಲ್ಲಿ ಎಳೆಯ ವಯಸ್ಸಿನಲ್ಲೇ ಊದುಗೊಳವೆ ಹಿಡಿದ ಅವರು ಈಗ ಇಲ್ಲಿ ಸಣ್ಣ ಕಾರ್ಯಾಗಾರ ನಡೆಸುತ್ತಾರೆ. ಇಂಥ ಉಪಕರಣಗಳಿಗೆ ಬಳಸುವ, ಶಾಖ ತಾಳುವ ಬೋರೋಸಿಲಿಕೇಟ್ ಗಾಜು ಸುಮಾರು 820 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುವುದರಿಂದ, ಅನಿಲಕ್ಕೆ ಆಮ್ಲಜನಕ ಬೆರೆಸಿದ ಜ್ವಾಲೆಯಲ್ಲಿ ಅದನ್ನು ಎಡೆಬಿಡದೆ ತಿರುಗಿಸುತ್ತ, ಜೋತುಬೀಳಲು ಬಿಡದೆ, ಒಳಗೊಳವೆ ನಟ್ಟನಡುವೆ ನಿಲ್ಲುವಂತೆ ಅವರು ಬೆಸೆಯುವುದನ್ನು ನೋಡಿದರೆ ದಶಕಗಳ ಅಭ್ಯಾಸದ ಬೆಲೆ ತಿಳಿಯುತ್ತದೆ. ಬೆಸುಗೆಗಿಂತಲೂ ನಾನು ಮೆಚ್ಚಿದ್ದು ಅನಂತರದ ತಾಳ್ಮೆಯನ್ನು: ಗಾಜಿನೊಳಗಿನ ಬಿಗಿತ ಕಳೆಯಲು ಸುಮಾರು 560 ಡಿಗ್ರಿಯ ಕುಲುಮೆಯಲ್ಲಿಟ್ಟು, ನಿಧಾನವಾಗಿ ತಣಿಸಿದ ಮೇಲೆಯೇ ಕೈಗೆ ಕೊಡುತ್ತಾರೆ. ಈ ಹಂತ ತಪ್ಪಿದ ಗಾಜು ಮುಂದೆಂದೋ ತಾನಾಗಿ ಸೀಳಬಹುದು. ನಮ್ಮ ಕಂಡೆನ್ಸರಿನಲ್ಲಿ ಹನಿ ನೀರೂ ಸೋರುತ್ತಿಲ್ಲ. ಅವಸರವಿದ್ದವರಿಗೆ ಈ ಸೇವೆ ಹೊಂದದು. ಆದರೆ ಧಾರವಾಡ, ಗದಗಿನ ಕಾಲೇಜುಗಳು ಒಡೆದ ಉಪಕರಣಗಳನ್ನು ಎಸೆಯುವ ಮುನ್ನ ಅವರಿಗೊಮ್ಮೆ ತೋರಿಸಬೇಕು.