ಮರ್ಜ್‌ಗೆ ಮೊದಲು ಟೆಸ್ಟ್: ಲ್ಯಾಪ್‌ಟಾಪ್ ಹುಕ್, ಮನೆಯ ಜೆಂಕಿನ್ಸ್, ಗಿಟ್‌ಹಬ್ ಆಕ್ಷನ್ಸ್

ತಂಡದಲ್ಲಿ ಒಬ್ಬರು ಬದಲಿಸಿದ ಕೋಡನ್ನು ಎಲ್ಲರ ಕೋಡಿಗೆ ಸೇರಿಸುವುದೇ ಮರ್ಜ್. ಅದಕ್ಕೂ ಮೊದಲು, ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟನ್ನು ತಾನಾಗಿ ಓಡಿಸಲು ಇಲ್ಲಿ ಮೂರು ದಾರಿ: ಅವರವರ ಲ್ಯಾಪ್‌ಟಾಪ್‌ನ ಗಿಟ್ ಹುಕ್, ಮನೆಯ ಕಂಪ್ಯೂಟರಿಗೆ ಹಾಕುವ ಜೆಂಕಿನ್ಸ್, ಗಿಟ್‌ಹಬ್‌ನ ಸರ್ವರಿನಲ್ಲೇ ಓಡುವ ಆಕ್ಷನ್ಸ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಿಟ್‌ಹಬ್ ಆಕ್ಷನ್ಸ್‌ಗೆ. ಮೂರನ್ನೂ ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ನಾವು ಐದು ಜನ ಸೇರಿ ಒಂದು ಸಣ್ಣ ಆ್ಯಪ್ ಮಾಡುತ್ತಿದ್ದೇವೆ. ಊರಿನ ಹೆಸರು ಅಥವಾ ವಿಲ್ಲೇಜ್ ಆಫೀಸಿನ ಫಾರ್ಮಿನಲ್ಲಿ ಬರುವ ಶಬ್ದ ಕೊಟ್ಟರೆ ಕನ್ನಡದಿಂದ ಮಲಯಾಳಕ್ಕೆ, ಮಲಯಾಳದಿಂದ ಕನ್ನಡಕ್ಕೆ ಹುಡುಕಿ ತೋರಿಸುತ್ತದೆ. ಮಲಯಾಳ ಓದಲು ಬಾರದ ನಮ್ಮ ಹಿರಿಯರಿಗೆ ಇದು ಎಷ್ಟು ಬೇಕು ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ 'ಕಾಸರಗೋಡು' ಅಂತಲೇ ಮಲಯಾಳದಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಆ ಹೆಸರಿನ ನಡುವೆ ಒಂದು ಚಿಲ್ಲಕ್ಷರ (ಸ್ವರ ಸೇರದ ವ್ಯಂಜನಕ್ಕೆ ಮಲಯಾಳದಲ್ಲಿರುವ ಬೇರೆಯೇ ರೂಪ) ಇದೆ. ಅದಕ್ಕೆ ಸ್ವಂತ ಕೋಡ್ ಬಂದದ್ದು ಎಲ್ಲ ಭಾಷೆಯ ಅಕ್ಷರಗಳಿಗೂ ಕೋಡ್ ಕೊಡುವ ಯೂನಿಕೋಡ್‌ನ 2008ರ 5.1 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಮೂರು ಕೋಡ್ ಜೋಡಿಸಿ ಬರೆಯುತ್ತಿದ್ದರು. ಪರದೆಯಲ್ಲಿ ಎರಡೂ ಒಂದೇ ತರ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಯೂನಿಕೋಡ್‌ನ ನಾರ್ಮಲೈಸೇಶನ್ (ಬೇರೆ ಬೇರೆ ಕೋಡಿನಲ್ಲಿ ಬರೆದ ಒಂದೇ ಅಕ್ಷರವನ್ನು ಒಂದೇ ರೂಪಕ್ಕೆ ತರುವ ಕ್ರಮ) ಕೂಡ ಇವನ್ನು ಒಂದು ಮಾಡುವುದಿಲ್ಲ. ಅದಕ್ಕೆಂದೇ ನಾವು ಎರಡು ಸಾಲು ಕೋಡ್ ಬರೆದಿದ್ದೆವು. ಗೆಳೆಯನೊಬ್ಬ ಚೊಕ್ಕ ಮಾಡುವಾಗ ಅದು ಬೇಡದ್ದು ಅಂದುಕೊಂಡು ತೆಗೆದುಬಿಟ್ಟ. ಅದಕ್ಕೆ ಟೆಸ್ಟ್ ಇತ್ತು. ಯಾರೂ ಓಡಿಸಿರಲಿಲ್ಲ.

ಆಗ ನಮ್ಮಲ್ಲಿದ್ದದ್ದು ಗಿಟ್ ಹುಕ್ ಮಾತ್ರ. ಗಿಟ್ ಅಂದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್, ಹುಕ್ ಅಂದರೆ ಅದು ತಾನಾಗಿ ಓಡಿಸುವ ಸಣ್ಣ ಸ್ಕ್ರಿಪ್ಟ್. ಪುಶ್ ಮಾಡುವ, ಅಂದರೆ ಕೋಡನ್ನು ಗಿಟ್‌ಹಬ್‌ಗೆ ಕಳಿಸುವ, ಮೊದಲು ಟೆಸ್ಟ್ ಓಡುತ್ತದೆ, ಫೇಲಾದರೆ ಪುಶ್ ನಿಲ್ಲುತ್ತದೆ. ಖರ್ಚಿಲ್ಲ, ಟೆಸ್ಟ್ ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಆದರೆ ರೆಪೊವನ್ನು (ಕೋಡೆಲ್ಲ ಇರುವ ಸಂಗ್ರಹ) ಕ್ಲೋನ್, ಅಂದರೆ ನಕಲು, ಮಾಡಿದರೆ ಹುಕ್ ಜೊತೆಗೆ ಬರುವುದಿಲ್ಲ. ಅದು ಅವರವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ನನ್ನಲ್ಲಿತ್ತು, ಹೊಸ ಲ್ಯಾಪ್‌ಟಾಪ್ ತಗೊಂಡ ಆ ಗೆಳೆಯನಲ್ಲಿ ಇರಲಿಲ್ಲ.

ಇದಕ್ಕೆ ಒಂದು ದಾರಿ ಇದೆ. ಹುಕ್‌ಗಳನ್ನು ರೆಪೊದ ಒಳಗೇ ಒಂದು ಫೋಲ್ಡರಿನಲ್ಲಿ ಇಟ್ಟು, ಗಿಟ್‌ಗೆ ಅದರ ಜಾಗ ತೋರಿಸಬಹುದು. ಮಾಡಿದೆವು. ಆದರೆ ಆ ಒಂದು ಸಾಲಿನ ಸೆಟ್ಟಿಂಗನ್ನೂ ಪ್ರತಿಯೊಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಕೊಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮೂರು ಸಲ ನೆನಪಿಸಿದೆ, ಇಬ್ಬರು ಮಾಡಿದರು. ಮೇಲಿಂದ 'ನೋ ವೆರಿಫೈ' ಅಂತ ಕೊಟ್ಟರೆ ಹುಕ್ಕನ್ನು ದಾಟಿ ಹೋಗಬಹುದು. ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಟೆಸ್ಟ್ ಮುಗಿಯಲು ನಾಲ್ಕು ನಿಮಿಷ ಬೇಕು. ರಾತ್ರಿ ಹನ್ನೊಂದಕ್ಕೆ ನಾನೂ ಹಾಗೆ ದಾಟಿಸಿದ್ದೇನೆ.

ಆಮೇಲೆ ಮನೆಯ ಹಳೆ ಡೆಸ್ಕ್‌ಟಾಪ್‌ಗೆ ಜೆಂಕಿನ್ಸ್ ಹಾಕಿದೆ. ಒಳ್ಳೆಯ ಸಾಧನ, ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಲ್ಲ. ನನಗೆ ಅಡ್ಡಿಯಾದದ್ದು ಮನೆ. ನಮ್ಮ ಫೈಬರ್ ಕನೆಕ್ಷನ್‌ಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪಬಹುದಾದ ವಿಳಾಸ) ಇಲ್ಲ. ಹಾಗಾಗಿ 'ಹೊಸ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಬಂದಿದೆ' ಅಂತ ಹೊರಗಿನಿಂದ ಜೆಂಕಿನ್ಸ್‌ಗೆ ಸುದ್ದಿ ಮುಟ್ಟುವುದಿಲ್ಲ. ಜೆಂಕಿನ್ಸೇ ಐದು ನಿಮಿಷಕ್ಕೊಮ್ಮೆ ಗಿಟ್‌ಹಬ್‌ಗೆ ಹೋಗಿ ನೋಡಿ ಬರಬೇಕು. ಅದನ್ನಾದರೂ ಸಹಿಸಬಹುದಿತ್ತು. ತುಲಾ ತಿಂಗಳು ಬಂತು ನೋಡಿ, ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿ ಗುಡುಗು ಶುರು. ಮೊದಲ ಗುಡುಗಿಗೇ ಅಮ್ಮ ಬಂದು ಮೋಡೆಮ್, ಕಂಪ್ಯೂಟರ್ ಎರಡರ ಪ್ಲಗ್ಗೂ ತೆಗೆಯುತ್ತಾರೆ. ತೆಗೆಯಲೇಬೇಕು, ಹಿಂದೊಮ್ಮೆ ಸಿಡಿಲಿಗೆ ಮೋಡೆಮ್ ಸುಟ್ಟುಹೋಗಿದೆ. ಅಷ್ಟು ಹೊತ್ತು ಐದೂ ಜನರ ಕೆಲಸ ನಿಂತಂತೆಯೇ. ಮಂಜೇಶ್ವರದವನು 'ಅಣ್ಣ, ಟೆಸ್ಟ್ ಓಡ್ತಾ ಇಲ್ಲ' ಅಂತ ಕೇಳಿದರೆ ನನ್ನ ಹತ್ತಿರ ಇದ್ದ ಉತ್ತರ ಒಂದೇ: 'ಇಲ್ಲಿ ಗುಡುಗು ಮಾರಾಯ.'

ಗಿಟ್‌ಹಬ್ ಆಕ್ಷನ್ಸ್‌ಗೆ ಬಂದದ್ದು ಆಗ. ರೆಪೊದಲ್ಲಿ ಒಂದು ಯಾಮಲ್ ಫೈಲ್ (ಏನೇನು ಓಡಿಸಬೇಕು ಅಂತ ಬರೆದಿಡುವ ಫೈಲ್) ಇಟ್ಟರೆ ಆಯಿತು. ಯಾರ ಕಂಪ್ಯೂಟರಿನಲ್ಲೂ ಏನೂ ಹಾಕಬೇಕಾಗಿಲ್ಲ. ಪ್ರತಿ ಪುಲ್ ರಿಕ್ವೆಸ್ಟ್‌ಗೂ ಉಬುಂಟು, ವಿಂಡೋಸ್ ಎರಡರಲ್ಲೂ ಟೆಸ್ಟ್ ಓಡುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಬ್ರ್ಯಾಂಚ್ ಪ್ರೊಟೆಕ್ಷನ್ (ಬ್ರ್ಯಾಂಚ್ ಅಂದರೆ ಕೋಡಿನ ಕವಲು). ಟೆಸ್ಟ್ ಪಾಸಾಗದೆ ಮರ್ಜ್ ಬಟನ್ ತೆರೆಯುವುದೇ ಇಲ್ಲ. ಅಡ್ಮಿನ್‌ಗಳಿಗೂ ಅದೇ ನಿಯಮ ಅಂತ ಸೆಟ್ ಮಾಡಿದ್ದೇನೆ, ನನಗೂ ವಿನಾಯಿತಿ ಬೇಡ. ಮರ್ಜ್‌ಗೆ ಮೊದಲು ಬ್ರ್ಯಾಂಚ್ ಅಪ್‌ಡೇಟ್ ಆಗಿರಬೇಕು ಅನ್ನುವ ಆಯ್ಕೆಗೂ ಟಿಕ್ ಹಾಕಿ. ಬೇರೆ ಬೇರೆಯಾಗಿ ಪಾಸಾದ ಎರಡು ಬದಲಾವಣೆ ಒಟ್ಟಿಗೆ ಸೇರಿದಾಗ ಫೇಲಾಗುವುದುಂಟು.

ಕಿರಿಕಿರಿ ಇಲ್ಲ ಅಂತಲ್ಲ. ಅಲ್ಲಿನ ಗಡಿಯಾರ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ದಿನಾ ನಮ್ಮ ರಾತ್ರಿ 2ಕ್ಕೆ ಟೆಸ್ಟ್ ಓಡಲು ಹಿಂದಿನ ದಿನದ 20:30 ಅಂತ ಬರೆದೆ. ಪಬ್ಲಿಕ್ ರೆಪೊದಲ್ಲಿ (ಯಾರು ಬೇಕಾದರೂ ನೋಡಬಹುದಾದದ್ದು) 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಈ ದಿನನಿತ್ಯದ ಓಟ ತಾನಾಗಿ ನಿಲ್ಲುತ್ತದೆ.

ದುಡ್ಡಿನ ವಿಷಯ. ನಮ್ಮದು ಪಬ್ಲಿಕ್ ರೆಪೊ, ಖರ್ಚು ಸೊನ್ನೆ. ಪ್ರೈವೇಟ್ ಆದರೆ ಉಚಿತ ಖಾತೆಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ. ನಮ್ಮಷ್ಟು ಸಣ್ಣ ತಂಡಕ್ಕೆ ಅದು ಧಾರಾಳ. ಕೋಡ್ ಹೊರಗೆ ಹೋಗಲೇಬಾರದು ಅನ್ನುವ ಆಫೀಸು, ಕರೆಂಟು ಹೋಗದ ಸರ್ವರ್ ರೂಮು, ನೋಡಿಕೊಳ್ಳಲು ಒಬ್ಬ ಜನ ಇದ್ದರೆ ಜೆಂಕಿನ್ಸ್ ತಗೊಳ್ಳಿ.

ಹುಕ್ಕನ್ನು ನಾನು ಬಿಟ್ಟಿಲ್ಲ. ಈಗ ಅದರಲ್ಲಿ ಹತ್ತು ಸೆಕೆಂಡಿನ ಟೆಸ್ಟ್ ಮಾತ್ರ ಇದೆ. ಚಿಲ್ಲಕ್ಷರದ್ದು ಅದರಲ್ಲಿ ಮೊದಲನೆಯದು.