ಅಂಟಂಟಾದ ರಿವಾಲ್ವರ್ ಗ್ರಿಪ್ಪನ್ನು ‘ಹೊಸದರ ಹಾಗೆ’ ಮಾಡಿಕೊಡ್ತೀನಿ ಅನ್ನುವವರಿಗೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹಳೇ ರಿವಾಲ್ವರಿನ ರಬ್ಬರ್ ಗ್ರಿಪ್, ಅಂದರೆ ಕೈಯಲ್ಲಿ ಹಿಡಿಯುವ ಹಿಡಿ, ಅಂಟಂಟಾಗಿದೆಯಾ? ಯಾರಾದರೂ ಅದನ್ನು ಮತ್ತೆ ಹೊಸದರ ಹಾಗೆ ಮಾಡಿಕೊಡ್ತೀನಿ ಅಂದರಾ? ಕೊಡಬೇಡಿ. ದುಡ್ಡೂ ಕೊಡಬೇಡಿ, ಗ್ರಿಪ್ಪೂ ಕೊಡಬೇಡಿ. ನಾನು ಕೊಟ್ಟೆ. ಆಮೇಲೆ ಅದೇ ಮನುಷ್ಯನಿಂದ ‘ಹೊಸ’ ಗ್ರಿಪ್ ಅಂತ ಇನ್ನೊಂದು ತಗೊಂಡೆ. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ. ನಾಚಿಕೆಯೂ ಆಗುತ್ತಿದೆ, ಸುಳ್ಳು ಯಾಕೆ ಹೇಳಲಿ. ಹೆಸರು ಹಾಕುವುದಿಲ್ಲ. ಕಥೆ ಓದಿದರೆ ಇಂಥವರು ಎದುರಾದಾಗ ನಿಮಗೇ ಗೊತ್ತಾಗುತ್ತದೆ.

ನನ್ನದು ಸ್ಮಿತ್ ಅಂಡ್ ವೆಸನ್ ಕಂಪನಿಯದ್ದು, ಕೆ ಫ್ರೇಮ್ (ಫ್ರೇಮ್ ಅಂದರೆ ಗನ್ನಿನ ಲೋಹದ ಚೌಕಟ್ಟು, ಕೆ ಅಂದರೆ ಅದರ ಮಧ್ಯಮ ಅಳತೆ), ಹಿಡಿಯ ಒಳಗೆ ಫ್ರೇಮಿನ ತಳ ಚೌಕ ಇರುವ ಹಳೇ ಮಾದರಿ. ಗನ್ನಿಗೆ ಏನೂ ಆಗಿಲ್ಲ. ಸಿಲಿಂಡರ್ ಅಲ್ಲಾಡುವುದಿಲ್ಲ, ಬ್ಯಾರೆಲ್ ಒಳಗೆ ಚೊಕ್ಕ. ನನಗಿಂತ ಮೊದಲು ಇದನ್ನು ಇಟ್ಟುಕೊಂಡಿದ್ದವರು ಮರದ ಹಿಡಿ ತೆಗೆದು ರಬ್ಬರ್ ಹಾಕಿಸಿದ್ದರು. ಆ ಕಾಲದಲ್ಲಿ ಎಲ್ಲರೂ ಹಾಕಿಸುತ್ತಿದ್ದರು, ಕೈಗೆ ಒದೆತ ಕಮ್ಮಿ ಬೀಳುತ್ತದೆ ಅಂತ. ಆ ರಬ್ಬರಿನ ಕಥೆ ಈಗ ಮುಗಿದಿದೆ. ಮುಟ್ಟಿದರೆ ಹಲಸಿನ ಮೇಣ ಮುಟ್ಟಿದ ಹಾಗೆ. ಕೈಯೆಲ್ಲ ಕಪ್ಪು. ಪೆಟ್ಟಿಗೆಯ ಸ್ಪಂಜು, ಬಟ್ಟೆಯ ನೂಲು, ಧೂಳು, ಎಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಶೂಟಿಂಗ್ ರೇಂಜ್‌ನಲ್ಲಿ ಪಕ್ಕದ ಲೇನಿನವರು ‘ಚೆನ್ನಾಗಿದೆ, ನೋಡ್ಲಾ?’ ಅಂದರು. ಖಾಲಿ ಮಾಡಿ, ಸಿಲಿಂಡರ್ ತೆರೆದು ಕೊಟ್ಟೆ. ಹಿಡಿದು ನೋಡಿದರು, ವಾಪಸ್ ಕೊಟ್ಟರು, ಏನೂ ಹೇಳದೆ ಪ್ಯಾಂಟಿಗೆ ಕೈ ಒರೆಸಿಕೊಂಡರು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಆಗ ಸಿಕ್ಕಿದವನು ಈ ರಿಪೇರಿಯವನು. ಫೋಟೊ ಕಳಿಸಿದೆ. ತಕ್ಷಣ ಉತ್ತರ ಬಂತು. ‘ಸರ್, ಇದು ನಮಗೆ ದಿನಾ ಬರೋ ಕೆಲಸ. ರಬ್ಬರ್ ಏನೂ ಆಗಿಲ್ಲ, ಮೇಲೆ ಕೊಳೆ ಕೂತಿದೆ ಅಷ್ಟೇ. ನಮ್ಮ ಲಿಕ್ವಿಡ್ ಒಳಗೆ ಇಳಿದರೆ ರಬ್ಬರಿಗೆ ಮತ್ತೆ ಜೀವ ಬರತ್ತೆ.’

ಜೀವ ಬರತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಗನ್ ಸಮೇತ ಕಳಿಸಿ ಸರ್, ಫಿಟ್ ಮಾಡೇ ಕೊಡ್ತೀವಿ’ ಅಂತಲೂ ಅಂದ. ಗ್ರಿಪ್ ಬಿಚ್ಚುವುದಕ್ಕೆ ಒಂದು ಸ್ಕ್ರೂ. ಅದಕ್ಕೆ ಗನ್ ಯಾಕೆ ಕಳಿಸಬೇಕು? ಲೈಸೆನ್ಸ್ ಇರುವ ವಸ್ತುವನ್ನು ಹಾಗೆಲ್ಲ ಪಾರ್ಸೆಲ್ ಮಾಡಿ ಅನ್ನುವವನ ಬಗ್ಗೆ ಅಲ್ಲೇ ಅನುಮಾನ ಬರಬೇಕು. ನನಗೂ ಬಂತು. ಗನ್ ಕಳಿಸಲಿಲ್ಲ, ಗ್ರಿಪ್ ಮಾತ್ರ ಕಳಿಸಿದೆ. ಸದ್ಯ, ಅಷ್ಟಾದರೂ ಉಳಿಯಿತು.

ಗ್ರಿಪ್ ವಾಪಸ್ ಬಂತು. ಫೋಟೊದಲ್ಲಿ ನೋಡಿದರೆ ಏನು ಚಂದ! ಕಪ್ಪಗೆ, ಮಿರಮಿರ ಮಿಂಚುತ್ತಿದೆ. ಕೈಗೆ ತಗೊಂಡರೆ ಜಾರುತ್ತದೆ. ಅಂಟು ಹೋಗಿ ಜಾರು ಬಂದಿದೆ. ರಬ್ಬರ್ ಗ್ರಿಪ್ ಹಾಕುವುದೇ ಜಾರಬಾರದು ಅಂತ, ಅಲ್ವಾ? ರೇಂಜ್‌ನಲ್ಲಿ ಮೊದಲ ಗುಂಡಿಗೇ ಗನ್ ಅಂಗೈಯಲ್ಲಿ ತಿರುಗಿತು. ಪ್ರತಿ ಗುಂಡಿಗೂ ಹಿಡಿತ ಸರಿಮಾಡಿಕೊಳ್ಳಬೇಕು. ಇದು ತಮಾಷೆಯಲ್ಲ. ಕೈಯಲ್ಲಿ ನಿಲ್ಲದ ರಿವಾಲ್ವರ್ ಅಂದರೆ ಪಕ್ಕದವರಿಗೂ ಅಪಾಯ. ಮೂಗಿನ ಹತ್ತಿರ ಹಿಡಿದೆ. ಕಾರಿನ ಟೈರಿಗೆ ಹಚ್ಚುವ ಪಾಲಿಶ್ ವಾಸನೆ. ಅದೇ ವಾಸನೆ, ಅದೇ ಮಿಂಚು. ಇದೇನಾ ನಿನ್ನ ಲಿಕ್ವಿಡ್ಡು? ಟೈರ್ ಪಾಲಿಶ್‌ನಲ್ಲಿ ಸಾಮಾನ್ಯವಾಗಿ ಇರುವುದು ಸಿಲಿಕೋನ್ ಎಣ್ಣೆ. ಹೊಳಪು ಕೊಡುತ್ತದೆ, ಜಾರಿಸುತ್ತದೆ, ಅಷ್ಟೇ. ಜೀವ ಗೀವ ಏನೂ ಇಲ್ಲ.

ಒರೆಸಿ ಇಟ್ಟೆ. ಕೆಲವೇ ವಾರ. ಪೆಟ್ಟಿಗೆ ತೆರೆದರೆ ಮತ್ತೆ ಅಂಟು. ಮೊದಲಿಗಿಂತ ಜಾಸ್ತಿ. ಉಗುರು ಒತ್ತಿದರೆ ಗುರುತು ಹಾಗೇ ನಿಲ್ಲುತ್ತದೆ.

ಫೋನ್ ಮಾಡಿದೆ. ಉತ್ತರಗಳನ್ನು ಕೇಳಿ.

‘ನೀವು ಏನಾದ್ರೂ ಹಚ್ಚಿದ್ರಾ ಸರ್?’ ಇಲ್ಲ. ‘ಬಿಸಿಲಲ್ಲಿ ಇಟ್ಟಿದ್ರಾ?’ ಇಲ್ಲ ಮಾರಾಯ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ‘ಹಾಗಾದ್ರೆ ನಿಮ್ಮ ಕೈ ಬೆವರು ಜಾಸ್ತಿ ಇರ್ಬೇಕು ಸರ್.’ ನನ್ನ ಕೈ ಬೆವರು! ಮುಟ್ಟದೆ ಇಟ್ಟ ಗ್ರಿಪ್ಪಿಗೆ ನನ್ನ ಬೆವರು ಎಲ್ಲಿಂದ ಬಂತು? ಅದನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಂತು ಅಸಲಿ ಉತ್ತರ: ‘ರಬ್ಬರ್ರೇ ಹಳೇದು ಸರ್. ಒಳಗಿಂದ ಹೋಗಿದೆ. ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ.’

ಯಾರೂ ಏನೂ ಮಾಡೋಕಾಗಲ್ಲ! ದುಡ್ಡು ತಗೊಳ್ಳುವಾಗ ಜೀವ ಬರತ್ತೆ, ದುಡ್ಡು ತಗೊಂಡ ಮೇಲೆ ಯಾರೂ ಏನೂ ಮಾಡೋಕಾಗಲ್ಲ. ಎರಡೂ ಮಾತು ಒಂದೇ ಬಾಯಲ್ಲಿ.

ಹೇಳಬೇಕಾದ್ದನ್ನು ಅವನು ಹೇಳಲಿಲ್ಲ, ನಾನು ಹೇಳುತ್ತೇನೆ. ರಬ್ಬರ್ ಮೆತ್ತಗಿರಲಿ ಅಂತ ಮಾಡುವಾಗಲೇ ಅದರಲ್ಲಿ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ವರ್ಷಗಳು ಹೋದ ಹಾಗೆ ಅದು ಮೇಲಕ್ಕೆ ಜಿನುಗುತ್ತದೆ. ರಬ್ಬರ್ ತಾನೂ ಒಳಗೊಳಗೇ ಸಡಿಲವಾಗುತ್ತದೆ. ಶಾಖ ಒಂದು ಕಾರಣ. ಗನ್ ಕ್ಲೀನ್ ಮಾಡುವ ಸಾಲ್ವೆಂಟು, ಗನ್ ಎಣ್ಣೆ, ಸೊಳ್ಳೆಗೆ ಹಚ್ಚಿಕೊಳ್ಳುವ ಡೀಟ್ ಇರುವ ಕ್ರೀಮು, ಇವೂ ಕೆಲವು ಬಗೆಯ ರಬ್ಬರನ್ನು ಕೆಡಿಸುತ್ತವೆ. ಒಮ್ಮೆ ಒಳಗಿನವರೆಗೂ ಹೋದ ರಬ್ಬರಿಗೆ ಮೇಲಿಂದ ಏನು ಹಚ್ಚಿದರೂ ಅಷ್ಟೇ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಮೇಲಿನ ಅಂಟು ಬರುತ್ತದೆ, ಕೆಲವು ದಿನ ತಡೆಯುತ್ತದೆ. ಅದನ್ನು ಮನೆಯಲ್ಲೇ ಮಾಡಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಗಟ್ಟಿ ಪ್ಲಾಸ್ಟಿಕ್ ಮೇಲೆ ಮೆತ್ತನೆ ಲೇಪನ ಮಾತ್ರ ಇರುವ ಹಿಡಿಗಳಾದರೆ ಬೇರೆ ಮಾತು. ಅಲ್ಲಿ ಅಂಟಾಗುವುದು ಲೇಪನ ಮಾತ್ರ. ಅದನ್ನು ಪೂರ್ತಿ ಒರೆಸಿ ತೆಗೆದರೆ ಕೆಳಗೆ ಬರೀ ಪ್ಲಾಸ್ಟಿಕ್ ಸಿಗುತ್ತದೆ, ಕಥೆ ಮುಗಿಯಿತು. ಪೂರ್ತಿ ರಬ್ಬರಿನದಕ್ಕೆ ಆ ಭಾಗ್ಯ ಇಲ್ಲ. ಟಾಲ್ಕಂ ಪೌಡರ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಹಾಕಿ ನೋಡಿದೆ. ಅಂಟೂ ಇತ್ತು, ಬಿಳಿ ಹಿಟ್ಟೂ ಇತ್ತು.

ಸರಿ, ಮುಂದಿನ ಅಧ್ಯಾಯ. ಇದು ಇನ್ನೂ ಕೆಟ್ಟದ್ದು.

ಅದೇ ಫೋನಿನಲ್ಲಿ, ನನ್ನ ಸಿಟ್ಟು ಇಳಿಯುವ ಮೊದಲೇ, ‘ನಿಮಗೋಸ್ಕರ ಒಂದು ಕೆಲಸ ಮಾಡ್ತೀನಿ ಸರ್, ನನ್ನ ಹತ್ರ ಹೊಸ ಸೆಟ್ ಇದೆ, ಹಳೇ ಸ್ಟಾಕು, ಸೀಲೇ ಒಡೆದಿಲ್ಲ. ಈಗ ಇದು ಬರೋದೇ ಇಲ್ಲ’ ಅಂದ. ನಾನು ಸ್ಪಷ್ಟವಾಗಿ ಬರೆದೆ: ಕೆ ಫ್ರೇಮ್, ಚೌಕ ತಳ. ಗ್ರಿಪ್ ಬಿಚ್ಚಿ, ಫ್ರೇಮಿನ ತಳದ ಫೋಟೊ ಪಕ್ಕದಿಂದ ತೆಗೆದು ಕಳಿಸಿದೆ. ಕುರುಡನಿಗೂ ಕಾಣುವ ಹಾಗಿತ್ತು. ‘ಕೆ ಫ್ರೇಮಿಗೆ ಕೆ ಫ್ರೇಮ್ ಸರ್, ಗ್ಯಾರಂಟಿ ಕೂರತ್ತೆ’ ಅಂದ.

ಪ್ಯಾಕೆಟ್ ಬಂತು. ಸೀಲ್ ಒಡೆದಿರಲಿಲ್ಲ, ಅದು ನಿಜ. ಆದರೆ ಪ್ಲಾಸ್ಟಿಕ್ ಹಾಳೆ ರಬ್ಬರಿಗೆ ಮೆತ್ತಿಕೊಂಡಿತ್ತು. ಎಳೆದರೆ ಚರ್ರ್ ಅಂತ ಬಂತು. ಒಳಗೆ ಜಿಡ್ಡು. ಬಳಸದೇ ಇಟ್ಟರೆ ರಬ್ಬರ್ ಹಳೇದಾಗುವುದಿಲ್ಲ ಅಂತ ಯಾರು ಹೇಳಿದ್ದು? ಪ್ಯಾಕೆಟ್ಟಿನ ಒಳಗೂ ವಯಸ್ಸಾಗುತ್ತದೆ. ‘ಹಳೇ ಸ್ಟಾಕು, ಹೊಸದು’ ಅಂತ ಮಾರುವ ರಬ್ಬರ್ ಗ್ರಿಪ್ ಅಂದರೆ ನಿಮ್ಮ ಹತ್ತಿರ ಕೊಳೆಯುತ್ತಿರುವುದರ ತಮ್ಮ. ಅಷ್ಟೇ.

ಕೂರಿಸಲು ಹೋದೆ. ಕೂರಲಿಲ್ಲ. ಫ್ರೇಮಿನ ಹಿಂದಿನ ಕೆಳಮೂಲೆ ಆಚೆ ಚಾಚಿಕೊಂಡು ನಿಂತಿದೆ. ತಿರುಗಿಸಿ ನೋಡುತ್ತೇನೆ, ದುಂಡು ತಳದ ಗ್ರಿಪ್ಪು! ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆ ಫ್ರೇಮಿನಲ್ಲಿ ಚೌಕ ತಳ, ದುಂಡು ತಳ ಅಂತ ಎರಡು ಬಗೆ. ದುಂಡು ತಳದ ಫ್ರೇಮಿಗೆ ಚೌಕದಂತೆ ಕಾಣುವ ದೊಡ್ಡ ಗ್ರಿಪ್ ಹಾಕಬಹುದು, ಅದಕ್ಕೆಂದೇ ಮಾಡಿದವು ಸಿಗುತ್ತವೆ. ಚೌಕ ತಳಕ್ಕೆ ದುಂಡು ಗ್ರಿಪ್ ಮಾತ್ರ ಆಗುವುದಿಲ್ಲ, ಕಬ್ಬಿಣದ ಮೂಲೆ ಎಲ್ಲಿಗೆ ಹೋಗಬೇಕು? ಈ ವ್ಯಾಪಾರದಲ್ಲಿ ಇದು ಮೊದಲ ಪಾಠ. ದಿನಾ ಇದೇ ಕೆಲಸ ಮಾಡುತ್ತೇನೆ ಅನ್ನುವವನಿಗೆ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಫೋಟೊ ಕಳಿಸಿದೆ. ಬಂದ ಉತ್ತರ: ‘ಕೆಳಗಿನ ಮೂಲೆ ಸ್ವಲ್ಪ ಉಜ್ಜಿ ಸರ್, ಕೂರತ್ತೆ.’

ರಬ್ಬರಿನ ಮೂಲೆ ಇರಬೇಕು ಅಂದುಕೊಂಡೆ. ‘ಯಾವ ಮೂಲೆ? ರಬ್ಬರಿಂದಾ?’

‘ಇಲ್ಲ ಸರ್, ಗನ್ನಿಂದು. ಅರ ತಗೊಂಡು ದುಂಡಗೆ ಮಾಡಿ. ತುಂಬಾ ಜನ ಮಾಡಿಸ್ಕೋತಾರೆ. ನಮ್ಮ ಹತ್ರ ಕಳಿಸಿದ್ರೆ ನಾವೇ ಮಾಡಿ ಕೊಡ್ತೀವಿ.’

ಫೋನ್ ಕೈಯಲ್ಲಿ ಹಿಡಿದು ಕೂತುಬಿಟ್ಟೆ. ಈ ಗನ್ನಿನ ಸೀರಿಯಲ್ ನಂಬರ್ ಎಲ್ಲಿದೆ ಗೊತ್ತಾ? ಹಿಡಿಯ ತಳದಲ್ಲಿ, ಫ್ರೇಮಿನ ಮೇಲೆ. ಹಳೇ ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳಲ್ಲಿ ಅಲ್ಲೇ ಒತ್ತಿರುತ್ತಾರೆ. ಇವನು ಅರ ಹಾಕು ಅನ್ನುತ್ತಿರುವುದು ಆ ನಂಬರಿನ ಮಗ್ಗುಲಿಗೆ. ಅರ ಒಂಚೂರು ಜಾರಿ ಒಂದು ಅಂಕಿ ಅಳಿಸಿದರೂ ಲೈಸೆನ್ಸ್ ಪುಸ್ತಕದಲ್ಲಿ ಒಂದು ನಂಬರು, ಗನ್ನಿನಲ್ಲಿ ಇನ್ನೊಂದು. ಗನ್ನಿನ ನಂಬರ್ ಅಳಿಸುವುದು ಬಹುತೇಕ ದೇಶಗಳಲ್ಲಿ ಅಪರಾಧ. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಅದಕ್ಕೆ ನಿಷೇಧ ಇದೆ. ಗುರುತು ಅಳಿಸಿದ ಗನ್ ಕೈಯಲ್ಲಿ ಸಿಕ್ಕಿದರೆ, ಅಳಿಸಿದ್ದು ನಾನಲ್ಲ ಅಂತ ನಾನೇ ಸಾಬೀತು ಮಾಡಬೇಕು. ಒಂದು ಜೊತೆ ಕೊಳೆತ ರಬ್ಬರ್ ಮಾರುವುದಕ್ಕೆ ಇವನು ನನ್ನನ್ನು ಜೈಲಿಗೆ ಕಳಿಸಲೂ ತಯಾರು! ಕಬ್ಬಿಣದ ಬಣ್ಣ ಹಾಳಾಗುವುದು, ಬೆಲೆ ಬಿದ್ದುಹೋಗುವುದು, ಅವೆಲ್ಲ ಆಮೇಲಿನ ಮಾತು.

ಇದನ್ನೇ ಬರೆದೆ. ‘ನಿಮ್ಮಿಷ್ಟ ಸರ್’ ಅಂತ ಒಂದು ಉತ್ತರ. ನಿಮ್ಮಿಷ್ಟ ಸರ್!

ದುಡ್ಡು ವಾಪಸ್ ಕೇಳಿದೆ. ‘ಪ್ಯಾಕೆಟ್ ಒಡೆದ ಮೇಲೆ ವಾಪಸ್ ಇಲ್ಲ ಸರ್.’ ಒಡೆಯದೆ ಕೂರಿಸಿ ನೋಡುವುದು ಹೇಗೆ? ‘ನೀವು ಮೊದಲೇ ಸರಿಯಾಗಿ ಹೇಳ್ಬೇಕಿತ್ತು.’ ಹೇಳಿದ್ದೇನೆ, ಬರೆದಿದ್ದೇನೆ, ಫೋಟೊ ಕಳಿಸಿದ್ದೇನೆ. ಅದೇ ಫೋಟೊವನ್ನು ಮತ್ತೆ ಕಳಿಸಿದೆ. ನೋಡಿದ. ಉತ್ತರ ಇಲ್ಲ. ಈಗ ಫೋನ್ ಎತ್ತುವುದೂ ಇಲ್ಲ. ಬೇರೆ ನಂಬರಿನಿಂದ ಮಾಡಿದರೆ ‘ಹೇಳಿ ಸರ್, ಏನು ಸೇವೆ’ ಅಂತ ಜೇನಿನಂಥ ದನಿ. ನನ್ನ ಹೆಸರು ಹೇಳಿದ ತಕ್ಷಣ ಕಟ್.

ಕೊನೆಗೆ ಏನು ಮಾಡಿದೆ ಅಂದರೆ, ರಬ್ಬರನ್ನೆಲ್ಲ ಎಸೆದೆ. ಎಸೆಯುವ ಮುಂಚೆ ನೋಡಿದರೆ ಅದರ ಕೆಳಗೆ ಫ್ರೇಮಿನ ಮೇಲೆ ಕಪ್ಪು ಜಿಡ್ಡು, ಅಲ್ಲಲ್ಲಿ ತುಕ್ಕಿನ ಚುಕ್ಕೆ. ರಬ್ಬರಿನ ಅಡಿ ತೇವ ಸಿಕ್ಕಿಕೊಂಡರೆ ಆರುವುದೇ ಇಲ್ಲ. ನಿಮ್ಮದನ್ನೂ ಇವತ್ತೇ ಬಿಚ್ಚಿ ನೋಡಿ. ಗನ್ ಖಾಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಬಿಚ್ಚಿ. ಜಿಡ್ಡನ್ನು ಆಲ್ಕೋಹಾಲ್‌ನಲ್ಲಿ ಒರೆಸಿದೆ, ತೆಳ್ಳಗೆ ಎಣ್ಣೆ ಸವರಿದೆ. ಬೇರೆ ಕಡೆಯಿಂದ, ಚೌಕ ತಳಕ್ಕೆಂದೇ ಮಾಡಿದ ಮರದ ಹಿಡಿ ತರಿಸಿದೆ. ಕೈಯಲ್ಲೇ ಒತ್ತಿದೆ, ಕೂತಿತು. ಅರವೂ ಬೇಡ, ಲಿಕ್ವಿಡ್ಡೂ ಬೇಡ. ಎಡಗಡೆ ಹಲಗೆಯನ್ನು ಮೇಲೆ ಸ್ವಲ್ಪ ಕೊರೆದಿದ್ದಾರೆ, ಖಾಲಿ ತೋಟಾ ತಡೆಯಿಲ್ಲದೆ ಬೀಳುತ್ತವೆ. ಅದಂತೂ ಕೇಳದೇ ಸಿಕ್ಕಿದ ಲಾಭ.

ಕೊಳ್ಳುವವರಿಗೆ ಇಷ್ಟೇ. ಸ್ಮಿತ್ ಅಂಡ್ ವೆಸನ್ನಿನ ಕೆ ಮತ್ತು ಎಲ್ ಫ್ರೇಮಿಗೆ ಒಂದೇ ಅಳತೆಯ ಹಿಡಿ ಆಗುತ್ತದೆ, ತಳ ಒಂದೇ ಆಕಾರದ್ದಾಗಿದ್ದರೆ ಮಾತ್ರ. ಜೆ ಚಿಕ್ಕದು, ಎನ್ ದೊಡ್ಡದು, ಅವು ಇದಕ್ಕೆ ಆಗುವುದಿಲ್ಲ. ರೂಗರ್ ಕಂಪನಿಯ ಜಿಪಿ100 ರಿವಾಲ್ವರ್ ಥರದ್ದಕ್ಕೆ ಹಿಡಿಯ ಆಕಾರದ ಫ್ರೇಮೇ ಇರುವುದಿಲ್ಲ, ಒಳಗೆ ಬರೀ ಒಂದು ಗೂಟ, ಅದರ ಗ್ರಿಪ್ಪೇ ಬೇರೆ. ಗ್ರಿಪ್ಪಿನ ಹೊರಗಿನ ಫೋಟೊ ನೋಡಿ ಕೊಳ್ಳಬೇಡಿ, ಒಳಗಿನ ಫೋಟೊ ಕೇಳಿ. ಚೌಕವೋ ದುಂಡೋ ಅಲ್ಲಿ ಕಾಣುತ್ತದೆ. ಕೊಡುವುದಿಲ್ಲ ಅಂದರೆ ಅಲ್ಲಿಗೇ ಬಿಡಿ.

ಇನ್ನೊಂದು ವಿಷಯ, ಇದಕ್ಕೇ ನನಗೆ ಜಾಸ್ತಿ ಕೋಪ. ಆ ಮನುಷ್ಯ ಈಗ ತನ್ನ ಜಾಹೀರಾತಿನಲ್ಲಿ ‘ಮೊದಲು’, ‘ನಂತರ’ ಅಂತ ಎರಡು ಚಿತ್ರ ಹಾಕುತ್ತಿದ್ದಾನೆ. ಎರಡೂ ನನ್ನ ಗ್ರಿಪ್ಪೇ. ಬಲಗಡೆ ಹಲಗೆಯ ಕೆಳತುದಿಯಲ್ಲಿ ಒಂದು ಓರೆ ಸೀಳಿದೆ, ‘ನಂತರ’ದ ಚಿತ್ರದಲ್ಲಿ ಅದು ಮಿಂಚಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಸೀಳು ಕಂಡರೆ ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.